ಯಲ್ಲಮ್ಮನ ಬಾಗಿಲ ನೋಟೀಸು

ಎಪ್ಪತ್ತೆಂಟರ ಏಪ್ರಿಲ್ ಮೂರನೇ ತಾರೀಕು ಬೆಳಿಗ್ಗೆ ಎಂಟಕ್ಕೆ ಯಲ್ಲಮ್ಮ ಬಂದು ಅನಂತಪದ್ಮನಾಭರ ಜಗಲಿಯ ಮೇಲೆ ಕುಸಿದು ಕೂತಳು. ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ರಾಮಪ್ರಸಾದ ಮೇಷ್ಟರು ಪೇಪರನ್ನು ಮಡಿಸಿಟ್ಟರು. ಕೋರ್ಟಿನ ನೋಟೀಸು ಜಾರಿಮಾಡುವ ಅಮೀನರಾಗಿ ನಿವೃತ್ತರಾಗಿದ್ದ ಅನಂತಪದ್ಮನಾಭರ ನೆರೆಮನೆಯಲ್ಲಿದ್ದ ತಪ್ಪಿಗೆ ಊರಿನ ವ್ಯಾಜ್ಯವೆಲ್ಲ ಮೇಷ್ಟರ ಕಾಫಿ ಲೋಟಕ್ಕೇ ಬಂದು ಬೀಳುತ್ತಿತ್ತು.

"ಸ್ವಾಮಿ, ಮಗಳ ಬಾಣಂತನಕ್ಕೆ ಅಂತ ತಿಂಗಳ ಮೇಲೆ ಕನಕಪುರದಲ್ಲಿದ್ದೆ. ಈಗ ಮೊದಲನೇ ಬಸ್ಸಿಗೆ ಬಂದು ನೋಡ್ತೀನಿ, ಬಾಗಿಲಿಗೆ ನೋಟೀಸು! ಮುಂದಿನ ಕೋಣೆ ರಸ್ತೆ ಜಾಗದಲ್ಲಿದೆಯಂತೆ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕಿತ್ತಂತೆ, ನಿನ್ನೆಗೇ ಮುಗೀತಂತೆ, ನಾಳೆ ಒಡೀತಾರಂತೆ. ಆ ಕೋಣೇಲಿ ಇಡ್ಲಿ ಮಾರೇ ಅಲ್ವಾ ನಾನು ಬದುಕಿರೋದು?"

"ನೋಟೀಸು ಕೊಡದೆ ಮುಟ್ಟಕೂಡದು ಅಂತ ಹೋದ ವರ್ಷ ಕೋರ್ಟು ಹೇಳಿತ್ತಲ್ಲವ್ವಾ?" ಎಂದರು ಅಮೀನರು.

"ಕೊಟ್ಟಿದೀವಿ ಅಂತಾರಲ್ಲ ಈಗ!"

ಮೂವರೂ ಯಡಿಯೂರಿನ ಹಳೇ ಗಲ್ಲಿಗೆ ನಡೆದರು. ತಿರುವಿನಲ್ಲಿ ಕೆಂಪಕ್ಕನ ಹಸು ಸಿನಿಮಾ ಪೋಸ್ಟರನ್ನು ಗೋಡೆಯಿಂದ ಎಳೆದು ಅಗಿಯುತ್ತಿತ್ತು. ಹಿಂದೆಯೇ ಕೆಂಪಕ್ಕ, ಗಿರಣಿಯಲ್ಲಿ ಗುಡಿಸಿದ ಹಿಟ್ಟಿನ ಬುಟ್ಟಿ ಹೊತ್ತು ಬಂದಳು. "ದಿನಾ ಇದೇ ಗೋಳು. ಈ ಬೀದೀಲಿ ಒಂದು ಕಾಗದ ಉಳಿಸಲ್ಲ ಇವಳು. ಪೋಸ್ಟರೆಲ್ಲ ತಿಂದ್ಲು ಅಂತ ಓಟಿನವರು ನನ್ನನ್ನ ಬಾಯಿಗೆ ಬಂದಂಗೆ ಬೈದ್ರು."

ಯಲ್ಲಮ್ಮನ ಬಾಗಿಲಿನಲ್ಲಿ ಸೊಂಟದೆತ್ತರಕ್ಕೆ ನೋಟೀಸಿತ್ತು. ವಾರ್ಡ್ ಆಫೀಸಿನ ಪ್ಯೂನ್ ಪಿಳ್ಳಪ್ಪ ಗೋಡೆಗೆ ಕೆಂಪು ಗುರುತು ಹಾಕುತ್ತಿದ್ದ. ಗಲ್ಲಿಯ ಕೊನೆಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ ಚಿನ್ನಪ್ಪ ಕೈಕಟ್ಟಿ ನೋಡುತ್ತಿದ್ದ.

"ಹೋದ ತಿಂಗಳು ಮೂರನೇ ತಾರೀಕು ನಾನೇ ಅಂಟಿಸಿದ್ದು. ಮಹಜರಿಗೆ ಚಿನ್ನಪ್ಪಣ್ಣನ ಸಾಕ್ಷಿ ಸಹಿ ಇದೆ. ಇನ್ನೇನು ಬೇಕು ನಿಮಗೆ?" ಎಂದ ಪಿಳ್ಳಪ್ಪ.

ಅಮೀನರು ಬೆರಳು ಒದ್ದೆ ಮಾಡಿ, ಕಾಗದದಂಚಿನಲ್ಲಿ ಒಣಗಿದ್ದ ಅಂಟನ್ನು ಉಜ್ಜಿ ಬಿಸಿಲಿಗೆ ಹಿಡಿದರು. ಕಂದು, ಬಿಳಿ, ಹಳದಿ ಕಣಗಳು. ಮೇಷ್ಟರಿಗೆ ರೇಗಿತು. "ಅಂಟು ನೋಡೋಕೆ ಬಂದ್ವೇನ್ರೀ? ಲಾಯರ್ ಹತ್ರ ಓಡಬೇಕು."

"ತಾಳಿ ಮೇಷ್ಟ್ರೇ. ಮೂವತ್ತು ವರ್ಷ ಇದನ್ನೇ ಅಂಟಿಸಿದವನು ನಾನು. ಪಿಳ್ಳಪ್ಪ, ಒಂದು ತಿಂಗಳು ಕೆಂಪಕ್ಕನ ಹಸು ಇದನ್ನ ಹೇಗಪ್ಪಾ ಬಿಡ್ತು?"

ಪಿಳ್ಳಪ್ಪ ನಕ್ಕ. "ಆಫೀಸಿನ ಅಂಟಿಗೆ ಮೈಲುತುತ್ತ ಬೆರೆಸ್ತೀವಿ ಸಾರ್. ಆ ಕಹಿಗೆ ಯಾವ ದನಾನೂ ಮುಟ್ಟಲ್ಲ."

"ಸರಿ ಹಾಗಾದ್ರೆ. ಕೆಂಪಕ್ಕ, ಹಸೂನ ಈ ಕಡೆ ಬಿಡವ್ವ."

ಹಸು ನೆಟ್ಟಗೆ ಬಂತು. ನೆಕ್ಕಿತು. ನೋಟೀಸಿನ ಮೂಲೆ ಹಿಡಿದು ಪರ್ರನೆ ಎಳೆಯಿತು. "ಅಯ್ಯೋ, ಸಾಕ್ಷಿ ಹೋಯ್ತಲ್ರೀ!" ಎಂದು ಮೇಷ್ಟರು ಅದರ ಕೊರಳಿಗೆ ಜೋತುಬಿದ್ದರು. ಮುಕ್ಕಾಲು ನೋಟೀಸು ಉಳಿಯಿತು. ಅಷ್ಟರಲ್ಲಿ ಗಲ್ಲಿಯೇ ನೆರೆದಿತ್ತು.

"ಕೇಳಿ," ಎಂದರು ಅಮೀನರು. "ಹಸು ಮುಟ್ಟಿತು ಅಂದ್ಮೇಲೆ ಇದರಲ್ಲಿ ಮೈಲುತುತ್ತ ಇಲ್ಲ. ಇದು ಆಫೀಸಿನ ಅಂಟಲ್ಲ, ಪಿಳ್ಳಪ್ಪ ಅಂಟಿಸಿದ್ದಲ್ಲ. ಮೈಲುತುತ್ತ ಇಲ್ಲದ ಕಾಗದ ಈ ಬೀದೀಲಿ ಒಂದು ದಿನ ಉಳಿಯಲ್ಲ. ಅಂದ್ರೆ ನಿನ್ನೆ ಸಂಜೆ, ಹಸು ಕೊಟ್ಟಿಗೆ ಸೇರಿದ ಮೇಲೆ ಅಂಟಿಸಿದ್ದು. ಮೊದಲೇ ಅಂಟಿಸಿದ್ರೆ ಯಾರಾದ್ರೂ ಓದಿ ಕನಕಪುರಕ್ಕೆ ಸುದ್ದಿ ಮುಟ್ಟಿಸ್ತಾರೆ ಅಂತ ಕಾದಿದ್ದಾರೆ. ಇನ್ನು ಯಾರು ಅಂತ. ಈ ಅಂಟಲ್ಲಿ ರಾಗಿ, ಗೋಧಿ, ಕಡಲೆ ಎಲ್ಲಾ ಇದೆ. ಯಾವ ಮನೇಲಿ ಅಂಟು ಕಾಯಿಸೋಕೆ ಮೂರು ಹಿಟ್ಟು ಬೆರೆಸ್ತಾರೆ? ಇದು ಗಿರಣಿ ನೆಲ ಗುಡಿಸಿದ ಹಿಟ್ಟು."

"ಅದಕ್ಕೇ ನನ್ನ ಗೌರಿ ಓಡಿಬಂದ್ಲು! ದಿನಾ ತಿನ್ನೋದು ಅದನ್ನೇ," ಎಂದಳು ಕೆಂಪಕ್ಕ.

ಎಲ್ಲರೂ ಚಿನ್ನಪ್ಪನತ್ತ ತಿರುಗಿದರು. ಮೊದಲು ಬಾಯಿಬಿಟ್ಟವನು ಪಿಳ್ಳಪ್ಪ. "ಅವತ್ತು ಅಂಟಿನ ಡಬ್ಬಿ ಒಣಗೋಗಿತ್ತು ಸಾರ್. ಮತ್ತೆ ಆಫೀಸಿಗೆ ಯಾರು ಹೋಗ್ತಾರೆ ಅಂತ... ಅಣ್ಣ ತಾನೇ ಅಂಟಿಸ್ತೀನಿ ಅಂದ್ರು, ಸಹಿ ಹಾಕ್ಕೊಟ್ರು."

"ಆ ಕೋಣೆ ಅಡ್ಡ ಇದ್ದು ಗಿರಣಿವರೆಗೆ ಟೆಂಪೊ ಬರಲ್ಲ ಸಾರ್. ಮೂಟೆ ಹೊತ್ತು ಹೊತ್ತು ಸಾಕಾಗೋಗಿದೆ," ಎಂದು ಚಿನ್ನಪ್ಪ ನೆಲ ನೋಡಿದ.

"ಅದಕ್ಕೆ ನನ್ನ ಕೋಣೆ ಬೇಕಿತ್ತೇನೋ? ನಿನ್ನ ಮದುವೆಗೆ ಇಡ್ಲಿ ಬೆಂದಿದ್ದು ಅಲ್ಲೇ ಕಣೋ!" ಎಂದಳು ಯಲ್ಲಮ್ಮ.

ಪಿಳ್ಳಪ್ಪನ ಹೇಳಿಕೆಯೂ ಹಸು ಕಚ್ಚಿದ ನೋಟೀಸೂ ಮಧ್ಯಾಹ್ನ ಕೋರ್ಟಿಗೆ ಹೋದವು. ಹೊಸದಾಗಿ ನೋಟೀಸು ಕೊಡಬೇಕು, ಕೊಟ್ಟ ದಿನದಿಂದ ಮೂವತ್ತು ದಿನ ಎಣಿಸಬೇಕು, ಅಲ್ಲಿಯವರೆಗೆ ಗೋಡೆ ಮುಟ್ಟಕೂಡದು ಎಂದು ಆಜ್ಞೆಯಾಯಿತು.

ಮುಂದಿನ ವಾರ ಪಿಳ್ಳಪ್ಪ ತುಂಬಿದ ಅಂಟಿನ ಡಬ್ಬಿಯೊಡನೆ ಬಂದ. ಆಫೀಸಿನಿಂದ ಆ ಬಾಗಿಲಿಗೆ ಇನ್ನೂರು ಹೆಜ್ಜೆ; ಅಷ್ಟು ನಡೆಯಲು ಈ ಪುಣ್ಯಾತ್ಮನಿಗೆ ಕೋರ್ಟೇ ಹೇಳಬೇಕಾಯಿತಲ್ಲ ಎಂದು ಮೇಷ್ಟರು ಗೊಣಗಿದರು. ಯಲ್ಲಮ್ಮ ಮನೆಯ ಹಳೇ ಪತ್ರಗಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲೇ ಕೂತಿದ್ದಳು.

"ಅಂಟಿಸಬೇಡ. ಕೈಗೆ ಕೊಡು," ಎಂದು ಅಂಗೈ ಚಾಚಿದಳು.

ಕೆಂಪಕ್ಕನ ಹಸು ಬರಿ ಬಾಗಿಲನ್ನು ಒಂದಷ್ಟು ಹೊತ್ತು ನೋಡಿ ಮುಂದೆ ಹೋಯಿತು.