ವಾದಿ ಬಂದ ಮಧ್ಯಾಹ್ನ

ತನ್ನ ಕುದುರೆಯ ಕುತ್ತಿಗೆಯ ಹತ್ತಿರ ಚಾಕು ಕಂಡದ್ದೇ ತಡ, ಶಹನಾಝ್ ಯೋಚನೆ ಮಾಡಲಿಲ್ಲ. ಕೈಯಲ್ಲಿದ್ದ ಲಗಾಮನ್ನು ಬೀಸಿ ಆ ಅಪರಿಚಿತನ ಮುಖಕ್ಕೆ ಬಾರಿಸಿಬಿಟ್ಟಳು.

ಚರ್ಮದ ಪಟ್ಟಿ ಛಟೀರೆಂದಿತು. ಅವನು ಒಮ್ಮೆ ಗಟ್ಟಿಯಾಗಿ ಕಣ್ಣು ಮುಚ್ಚಿದ. ಕೈ ಮಾತ್ರ ನಿಲ್ಲಿಸಲಿಲ್ಲ, ಹಗ್ಗವನ್ನು ಕರಕರ ಕೊಯ್ಯುತ್ತಲೇ ಇದ್ದ. ಹಗ್ಗ ತುಂಡಾಯಿತು. ಅವಳ ಹೆಣ್ಣುಕುದುರೆ ಗಝಾಲ ಮೊಣಕಾಲೂರಿ, ಗೊರಗೊರ ಸದ್ದು ಮಾಡುತ್ತ ಉಸಿರೆಳೆದುಕೊಂಡಿತು. ಆಗ ಶಹನಾಝ್‌ಗೆ ಗೊತ್ತಾಯಿತು: ಕಟ್ಟಿದ್ದ ಹಗ್ಗವೇ ಕುದುರೆಯ ಕೊರಳಿಗೆ ಸುತ್ತಿಕೊಂಡು ಬಿಗಿದಿತ್ತು.

"ಹಗ್ಗ ಇಷ್ಟು ಉದ್ದ ಬಿಡ್ಬಾರ್ದು ಮಾರಾಯ್ರೆ. ಹೊರಳಾಡಿ ಉರುಳು ಹಾಕಿಕೊಂಡಿದೆ," ಎಂದ ಅವನು. ಕೆನ್ನೆಯ ಮೇಲೆ ರಕ್ತದ ಗೆರೆ ಮೂಡುತ್ತಿತ್ತು. "ಇನ್ನೂ ಹೊಡೀಲಿಕ್ಕೆ ಉಂಟಾ? ಇಲ್ಲಾಂದ್ರೆ ನಾನು ಮುಖ ತೊಳ್ಕೊಂಡು ಬರ್ತೇನೆ."

ಅವನೇ ಫಾಹಿಮ್. ಅಲ್ ಅಮೇರಾತ್ ಪಟ್ಟಣ ದಾಟಿ, ಬೆಟ್ಟದ ಬುಡದಲ್ಲಿರುವ ಆ ಕ್ಯಾಂಪನ್ನು ನಡೆಸುವವನು. ರಜೆ ಬಂತೆಂದರೆ ಜನ ಟ್ರೈಲರಿನಲ್ಲಿ ತಮ್ಮ ಕುದುರೆಗಳನ್ನು ತಂದು, ಜಾಲಿ ಮರಗಳ ಕೆಳಗೆ ಟೆಂಟ್ ಹಾಕಿ, ಬೆಟ್ಟದ ಸೆರಗಿನ ದಾರಿಗಳಲ್ಲಿ ಸವಾರಿ ಹೋಗುತ್ತಾರೆ. ಜಾಗ ಕಫೀಲನದು, ಅಂದರೆ ವೀಸಾ ಕೊಟ್ಟ ಅರಬ್ ಮಾಲೀಕನದು, ಮೈಮುರಿಯುವ ಕೆಲಸ ಫಾಹಿಮನದು, ಅಡುಗೆ ಉಮರಬ್ಬನದು. ಟೆಂಟುಗಳ ಪಕ್ಕದಲ್ಲೇ ವಾದಿ. ಅದು ಕಲ್ಲು, ಮರಳು ತುಂಬಿದ ಒಣ ಹೊಳೆ. ಮೇಲೆ ಬೆಟ್ಟದಲ್ಲಿ ಮಳೆ ಸುರಿದರೆ ಮಾತ್ರ ಅದಕ್ಕೆ ಜೀವ.

ಆ ಸಂಜೆ ಶಹನಾಝ್ ತನ್ನ ಟೆಂಟಿನೊಳಗೆ ಕೂತು ತನ್ನ ಬಲಗೈಯನ್ನೇ ನೋಡುತ್ತಿದ್ದಳು.

ಹೊಡೆತ ಅವಳಿಗೆ ಹೊಸದಲ್ಲ. ಅವಳ ಗಂಡನಾಗಿದ್ದ ಸಿರಾಜುದ್ದೀನ್ ನೋಡಲು ಸಂಭಾವಿತ, ಬಾಗಿಲು ಹಾಕಿದ ಮೇಲೆ ಬೇರೆಯೇ ಮನುಷ್ಯ. ಪ್ರತಿ ಸಲವೂ ಹೊಡೆದು ಮುಗಿಸಿ ಅವನು ಹೇಳುತ್ತಿದ್ದದ್ದು ಒಂದೇ ಮಾತು: "ನೀನಾಗಿ ಹೊಡೆಸಿಕೊಂಡೆ." ರೂವಿಯ ಕ್ಲಿನಿಕ್ಕಿನಲ್ಲಿ ಊರಿನವರ ಮೂಳೆಗಳ ಎಕ್ಸ್-ರೇ ತೆಗೆಯುವ ಅವಳು ಒಂದು ದಿನ ತನ್ನದೇ ಪಕ್ಕೆಲುಬಿನ ಬಿರುಕನ್ನು ಪರದೆಯ ಮೇಲೆ ನೋಡಿದಳು. ಮನೆಗೆ ಹಿಂತಿರುಗಲಿಲ್ಲ. ಖುಲಾ ವಿಚ್ಛೇದನ ಪಡೆದು, ದಾರ್ಸೈಟಿನಲ್ಲಿ ಜೊತೆ ಕೆಲಸದವಳೊಬ್ಬಳ ಫ್ಲಾಟಿಗೆ ಬಂದಳು. ಮವಾಲೇಹ್ ಆಚೆಯ ಲಾಯವೊಂದರಲ್ಲಿ ಸವಾರಿ ಕಲಿತಳು. ಗಝಾಲದ ಬೆನ್ನ ಮೇಲೆ ಕೂತಾಗ ಮಾತ್ರ ಅವಳ ಮೈ ಅವಳದಾಗುತ್ತಿತ್ತು.

ಈಗ ಅವಳೇ ಒಬ್ಬನ ಮುಖ ಸೀಳಿದ್ದಳು.

ಟೆಂಟಿನ ಹೊರಗೆ ಯಾರೋ ಕೆಮ್ಮಿದರು. "ಸುಲೈಮಾನಿ ಚಾ ತಂದಿದ್ದೇನೆ. ಲಗಾಮು ಕೆಳಗಿಟ್ಟಿದ್ದೀರಾ?"

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. "ಸಾರಿ. ನಾನು ಅಂಥವಳಲ್ಲ."

"ಕುದುರೆಗಾಗಿ ಹೊಡೆದದ್ದು ಅಂತ ಗೊತ್ತಾಯ್ತು. ಆದ್ರೂ ಸಾರಿ ಬೇಕಿತ್ತು, ತುಂಬಾ ಉರೀತದೆ," ಎಂದು ಅವನು ಲೋಟವನ್ನು ಟೆಂಟಿನ ಬಾಗಿಲಲ್ಲಿಟ್ಟು ದೂರ ಸರಿದು ಕೂತ. ಒಳಗೆ ಇಣುಕಲಿಲ್ಲ.

ಅವಳ ಮನೆಮಾತು ಕಾರ್ಕಳದ ಉರ್ದು, ಅವನದು ಉಪ್ಪಿನಂಗಡಿಯ ಬ್ಯಾರಿ. ನಡುವೆ ಇಬ್ಬರಿಗೂ ಸಿಕ್ಕಿದ್ದು ಕನ್ನಡ.

ಆಮೇಲೆ ಅವಳು ಪ್ರತಿ ರಜೆಗೂ ಬಂದಳು. ದಾರಿ ತೋರಿಸುವ ನೆಪದಲ್ಲಿ ಅವನು ಮುಂದೆ ಹೋಗುತ್ತಿದ್ದ. ತಿರುವು ಬಂದಾಗಲೆಲ್ಲ ಜೀನಿನ ಮೇಲೆ ಹೊರಳಿ ನೋಡುತ್ತಿದ್ದ.

"ಎಂತ ಪ್ರತಿ ಸಲ ಹಿಂದೆ ನೋಡೋದು? ನಾನು ಬೀಳ್ತೇನೆ ಅಂತಾನಾ?"

"ಬೀಳೋದು ನೀವಲ್ಲ ಬಿಡಿ," ಎನ್ನುತ್ತಿದ್ದ. ಅಷ್ಟು ಹೇಳಿ, ಕಿವಿ ಕೆಂಪು ಮಾಡಿಕೊಂಡು ಕುದುರೆಯನ್ನು ಬೇಗ ಬೇಗ ನಡೆಸುತ್ತಿದ್ದ. ಅವನ ಕಣ್ಣು ತನ್ನ ಬೆರಳ ತುದಿಯನ್ನು ಮುಟ್ಟಿ ಹಿಂತಿರುಗಿದ್ದು ಅವಳಿಗೆ ಗೊತ್ತಾಗುತ್ತಿತ್ತು. ಗಝಾಲದ ಜೂಲು ಬಾಚುತ್ತ ಅವಳು ಆ ನೋಟವನ್ನು ಮತ್ತೆ ಮತ್ತೆ ನೆನೆಯುತ್ತಿದ್ದಳು. ಇನ್ನೊಮ್ಮೆ ಯಾರನ್ನಾದರೂ ನಂಬಬಹುದೇನೋ ಅನ್ನಿಸತೊಡಗಿತ್ತು.

ಹಾಗಿರುವಾಗಲೇ ಒಂದು ಶುಕ್ರವಾರ ಸುಮಿತ್ ತನ್ನ ಗಂಡುಕುದುರೆಯನ್ನು ಕರೆತಂದ.

ಸುಮಿತ್ ಯಾವುದೋ ಕಂಪನಿಯ ಮ್ಯಾನೇಜರ್. ಕುದುರೆ ಕೊಂಡು ಹೆಚ್ಚು ದಿನವಾಗಿರಲಿಲ್ಲ. "ಹೆಣ್ಣುಕುದುರೆ ಇರುವಲ್ಲಿಗೆ ಇದನ್ನು ತರಬೇಡಿ ಅಂತ ಫೋನಿನಲ್ಲೇ ಹೇಳಿದ್ದೆ," ಎಂದ ಫಾಹಿಮ್. ಸುಮಿತ್ ನಕ್ಕ. "ಕಂಟ್ರೋಲ್ ಮಾಡ್ಲಿಕ್ಕೆ ನನಗೆ ಬರ್ತದೆ, ಬಿಡಿ."

ಮಧ್ಯಾಹ್ನ ಗಾಳಿ ನಿಂತುಹೋಯಿತು. ದೂರದ ಬೆಟ್ಟದ ಮೇಲೆ ಕಪ್ಪು ಮೋಡ ಕೂತಿತ್ತು, ಕ್ಯಾಂಪಿನಲ್ಲಿ ಮಾತ್ರ ಬಿಸಿಲು. ಗಂಡುಕುದುರೆ ಹೆಣ್ಣಿನ ವಾಸನೆ ಹಿಡಿದು ಕೆನೆಯುತ್ತ, ನೆಲ ಒದೆಯುತ್ತ ಹಗ್ಗ ಜಗ್ಗತೊಡಗಿತು. ಸುಮಿತನಿಗೆ ಜನರ ಮುಂದೆ ಅವಮಾನ. ಚಾಟಿ ತೆಗೆದು ಅದರ ಮೋರೆಗೇ ಬಾರಿಸಿದ. ಮತ್ತೆ ಬಾರಿಸಿದ. ಕಣ್ಣಿನ ಕೆಳಗೆ ಚರ್ಮ ಹರಿದು ರಕ್ತ ಜಿನುಗಿತು. ಮೂರನೆಯ ಏಟಿಗೆ ಕುದುರೆ ಹಿಂಗಾಲ ಮೇಲೆ ನೆಟ್ಟಗೆ ಎದ್ದು ನಿಂತಿತು. ಹಗ್ಗ ತುಂಡಾಗಿ ಹಾವಿನಂತೆ ಹಾರಿತು.

ಶಹನಾಝ್ ಬಗ್ಗಿ ಗಝಾಲದ ಗೊರಸಿನಿಂದ ಕಲ್ಲು ತೆಗೆಯುತ್ತಿದ್ದಳು. ತಲೆ ಎತ್ತುವಾಗ ಅದು ಮೈಮೇಲೇ ಬಂದಿತ್ತು.

ಗಂಡುಕುದುರೆ ಗಝಾಲದ ಕುತ್ತಿಗೆಗೆ ಬಾಯಿ ಹಾಕಿ ಮಾಂಸ ಕಿತ್ತಿತು. ಗಝಾಲ ಚೀರಿ ಒದೆಯಿತು. ಎರಡು ಮೈಗಳ ನಡುವೆ ಸಿಕ್ಕಿದ ಶಹನಾಝ್ ನೆಲಕ್ಕೆ ಬಿದ್ದಳು. ಗೊರಸುಗಳು ಅವಳ ಕಿವಿಯ ಪಕ್ಕದ ಮಣ್ಣನ್ನು ಗುದ್ದಿ ಗುಂಡಿ ಮಾಡಿದವು. ಬಾಯಿ ತುಂಬ ಧೂಳು. ಕೂಗಿದರೂ ಸ್ವರ ಹೊರಡಲಿಲ್ಲ.

ಫಾಹಿಮ್ ಸಲಿಕೆ ಹಿಡಿದು ಓಡಿಬಂದ. ಅವಳ ಮೇಲೆ ಅಡ್ಡ ನಿಂತು ಸಲಿಕೆಯ ಬೆನ್ನಿನಿಂದ ಕುದುರೆಯ ಎದೆಗೆ ಹೊಡೆದ. ಅದು ಹಿಂದೆ ಸರಿಯಲಿಲ್ಲ. ಅವನ ಭುಜಕ್ಕೆ ಹಲ್ಲೂರಿ, ಹಳೇ ಬಟ್ಟೆ ಕೊಡವಿದಂತೆ ಕೊಡವಿ ಕಲ್ಲಿನ ಮೇಲೆ ಎಸೆಯಿತು. ಮೂಳೆ ಮುರಿದ ಲಟಕ್ ಸದ್ದು ಶಹನಾಝ್‌ಗೆ ಕೇಳಿಸಿತು. ಆಮೇಲೆ ಕುದುರೆ ತಿರುಗಿ ವಾದಿಯೊಳಗೆ ಓಡಿಹೋಯಿತು.

ಸುಮಿತ್ ಅರಚಿದ: "ನನ್ನ ಕುದುರೆಗೆ ಹೊಡೀತೀಯಾ? ಆ ಹೆಂಗಸಿಗೆ ಅಡ್ಡ ಬರ್ಲಿಕ್ಕೆ ಹೇಳಿದ್ದು ಯಾರು?"

ಫಾಹಿಮ್ ಎದ್ದ. ಒಂದು ತೋಳು ನೇತಾಡುತ್ತಿತ್ತು. ಇನ್ನೊಂದು ಕೈಯಿಂದ ಸುಮಿತನ ಬಾಯಿಗೆ ಗುದ್ದಿದ. ಸುಮಿತ್ ಬಿದ್ದ. ಫಾಹಿಮ್ ಅವನ ಎದೆಯ ಮೇಲೆ ಕೂತು ಗುದ್ದಿದ, ಮತ್ತೆ ಗುದ್ದಿದ. ಸುಮಿತ್ ಕೈ ಮುಗಿದ ಮೇಲೂ ಗುದ್ದಿದ. ಉಮರಬ್ಬ ಹಿಂದಿನಿಂದ ಸೊಂಟ ಹಿಡಿದು ಎಳೆಯದಿದ್ದರೆ ಎಲ್ಲಿಗೆ ನಿಲ್ಲುತ್ತಿತ್ತೋ.

ಶಹನಾಝ್ ನೋಡಿದ್ದು ಅವನ ಮುಖವನ್ನು. ಕಚ್ಚಿದ ಹಲ್ಲು, ಏನನ್ನೂ ನೋಡದ ಕಣ್ಣು. ಆ ಮುಖ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಾಕಿದ ಬಾಗಿಲಿನ ಒಳಗೆ ಅದನ್ನು ಎಷ್ಟು ಸಲ ನೋಡಿದ್ದಳೋ.

ಅವಳು ಗಝಾಲದ ಮೇಲೆ ಜೀನು ಹಾಕತೊಡಗಿದಳು. ಟ್ರೈಲರ್ ನಿಂತಿದ್ದ ದಿಬ್ಬದವರೆಗೂ ಸವಾರಿಯಲ್ಲೇ ಹೋಗಿ, ಅಲ್ಲಿಂದ ಹೊರಟುಬಿಡುವುದು, ಅಷ್ಟೇ ಅವಳ ತಲೆಯಲ್ಲಿದ್ದದ್ದು.

"ಶಹನಾಝ್..."

"ಹತ್ತಿರ ಬರಬೇಡಿ."

ಅವನು ನಿಂತಲ್ಲೇ ನಿಂತ.

ಅಷ್ಟರಲ್ಲಿ ಸುಮಿತ್ ರಕ್ತ ಉಗುಳುತ್ತ ಪಿಕಪ್ ಹತ್ತಿ, ಓಡಿಹೋದ ಕುದುರೆಯನ್ನು ಹುಡುಕಿಕೊಂಡು ಗಾಡಿಯನ್ನು ವಾದಿಗೆ ಇಳಿಸಿದ್ದ. ಬೆಟ್ಟದ ಕಡೆಯಿಂದ ನೂರು ಲಾರಿ ಒಟ್ಟಿಗೆ ಬಂದಂಥ ಸದ್ದು. ಕ್ಯಾಂಪಿನಲ್ಲಿ ಒಂದು ಹನಿ ಬಿದ್ದಿರಲಿಲ್ಲ.

"ವಾದಿ ಬಂತು!" ಉಮರಬ್ಬನ ಸ್ವರ ಒಡೆಯಿತು. "ವಾದಿ ಬಂತು, ಮೇಲೆ ಹತ್ತಿ!"

ತಿರುವಿನಲ್ಲಿ ಕಂದು ನೀರಿನ ಗೋಡೆ ಕಾಣಿಸಿತು. ಅದರ ಮುಂದೆ ಮುರಿದ ಮರಗಳು, ಉರುಳುವ ಬಂಡೆಗಳು. ಗಂಡುಕುದುರೆ ಅದಕ್ಕೆ ಬೆನ್ನು ಹಾಕಿ ಓಡಿತು, ಪಾಪ. ಒಮ್ಮೆ ಅದರ ತಲೆ ಕಂಡಿತು, ಮತ್ತೊಮ್ಮೆ ಬಿಚ್ಚಿದ ಬಾಯಿ ಕಂಡಿತು. ಆಮೇಲೆ ಏನೂ ಇಲ್ಲ. ಪಿಕಪ್ಪನ್ನು ನೀರು ಅಡ್ಡ ತಿರುಗಿಸಿ ಬಂಡೆಗೆ ಅಪ್ಪಳಿಸಿತು. ಸುಮಿತ್ ಹೇಗೋ ಕಿಟಕಿಯಿಂದ ನುಸುಳಿ ಮೇಲೆ ಹತ್ತಿ ಕೂಗುತ್ತಿದ್ದ. ಗಾಡಿ ಪ್ರತಿ ಅಲೆಗೂ ಅಲುಗುತ್ತಿತ್ತು.

ಫಾಹಿಮ್ ಉದ್ದದ ಹಗ್ಗ ತಂದ. ಒಂದೇ ಕೈಯಲ್ಲಿ ಸೊಂಟಕ್ಕೆ ಸುತ್ತಿಕೊಳ್ಳಲು ನೋಡಿದ. ಆಗಲಿಲ್ಲ.

"ನಿಮ್ಮ ಭುಜ ಮುರಿದಿದೆ," ಎಂದಳು ಶಹನಾಝ್.

"ಹೌದು. ನೀವು ಗಂಟು ಹಾಕ್ತೀರಾ?"

ಅವಳು ಗಂಟು ಹಾಕಿದಳು. ಸುಮಿತ್ ಇಳಿದ ದಾರಿ ನೀರಿನಡಿ ಹೋಗಿತ್ತು, ಆ ಕಲ್ಲಿನ ದಂಡೆಗೆ ಬೇರೆ ಯಾವ ಗಾಡಿಯೂ ಇಳಿಯುವಂತಿರಲಿಲ್ಲ. ಹಗ್ಗದ ಇನ್ನೊಂದು ತುದಿಯನ್ನು ಗಝಾಲದ ಎದೆಪಟ್ಟಿಗೆ ಬಿಗಿದಳು. ಕುದುರೆಯ ಕುತ್ತಿಗೆಯಿಂದ ರಕ್ತ ಇಳಿಯುತ್ತಿತ್ತು, ಕಣ್ಣಿನ ಬಿಳಿ ಕಾಣುತ್ತಿತ್ತು. ಫಾಹಿಮ್ ನೀರಿಗಿಳಿದ. ನೀರು ಅವನನ್ನು ಬೀಳಿಸಿತು, ಮುಳುಗಿಸಿತು, ಬಂಡೆಗೆ ಉಜ್ಜಿತು. ಪಿಕಪ್ಪಿನ ಬಳಿ ಅವನ ತಲೆ ಮೇಲೆ ಬಂತು.

ಅವನ ಕೈ ಮೇಲೆದ್ದಿತು. ಸುಮಿತ್ ಅವನ ಬೆನ್ನಿಗೆ ಜೋತುಬಿದ್ದಿದ್ದ.

"ಯಲ್ಲಾ ಗಝಾಲ! ಯಲ್ಲಾ ಕಣೇ!" ಅವಳು ಕುದುರೆಯ ಮುಖದ ಹಗ್ಗ ಹಿಡಿದು ದಿಬ್ಬದ ಕಡೆ ಎಳೆದಳು. ಗೊರಸು ಜಾರಿತು, ಕಿಡಿ ಹಾರಿತು. ಅವಳ ಅಂಗೈ ಸುಲಿಯಿತು. ಗಝಾಲ ತಲೆ ತಗ್ಗಿಸಿ, ಇಡೀ ಮೈ ಹಾಕಿ ಎಳೆಯಿತು. ಹೆಜ್ಜೆ ಹೆಜ್ಜೆಯಾಗಿ ಎರಡು ಜೀವಗಳು ಕೆಸರಿನಿಂದ ಮೇಲೆ ಬಂದವು. ಬಂಡೆಯ ಬಳಿ ಪಿಕಪ್ ಮಗುಚಿ ಮರೆಯಾಯಿತು.

ಅಂಬುಲೆನ್ಸ್ ಬರುವವರೆಗೆ ಉಮರಬ್ಬ ಸುಮಿತನಿಗೆ ಕಂಬಳಿ ಹೊದಿಸಿ ಕೂತ. ಶಹನಾಝ್ ಫಾಹಿಮನ ಹತ್ತಿರ ಹೋಗಿ ಭುಜವನ್ನು ಬೆರಳಿನಿಂದ ಮೆಲ್ಲಗೆ ತಡವಿದಳು. "ಕಾಲರ್ ಬೋನ್ ತುಂಡಾಗಿದೆ. ಅಲ್ಲಾಡಬೇಡಿ." ತನ್ನ ತಲೆವಸ್ತ್ರದಲ್ಲೇ ತೋಳಿಗೆ ಜೋಲಿ ಕಟ್ಟಿದಳು.

"ನೀವು ಕೇಳ್ಲಿಲ್ಲ, ಆದ್ರೂ ಹೇಳ್ತೇನೆ," ಎಂದ ಅವನು, ಹಲ್ಲು ಕಟಕಟಿಸುತ್ತ. "ಅವನಿಗೆ ಹೊಡೆದದ್ದು ನಿಮಗಾಗಿ ಅಲ್ಲ. ಮೊದಲನೇ ಏಟು ಇರಬಹುದು. ಆಮೇಲೆ... ಹೊಡೀಲಿಕ್ಕೆ ಹಿತ ಆಗ್ತಿತ್ತು. ಅವನು ಕೈ ಮುಗಿದದ್ದು ಕಂಡಿತ್ತು ನನಗೆ. ಆದ್ರೂ ನಿಲ್ಲಿಸಲಿಲ್ಲ. ನನ್ನೊಳಗೆ ಇದು ಉಂಟು ಅಂತ ನನಗೇ ಗೊತ್ತಿರ್ಲಿಲ್ಲ."

ಶಹನಾಝ್ ಅವನ ಮುಖ ನೋಡಿದಳು. ಸಿರಾಜುದ್ದೀನ್ ಹೂ ತಂದಿದ್ದ, ಅತ್ತಿದ್ದ, ಕಾಲು ಹಿಡಿದಿದ್ದ. ಆದರೆ ಹೊಡೆದದ್ದು ನಾನು ಎಂದು ಒಂದು ದಿನವೂ ಹೇಳಿರಲಿಲ್ಲ.

ಅವಳು ಗಝಾಲವನ್ನು ಕರೆದುಕೊಂಡು ಹೊರಟಳು.

ಸುಮಿತ್ ಪೊಲೀಸಿಗೆ ದೂರು ಕೊಟ್ಟ ಸುದ್ದಿಯನ್ನು ಉಮರಬ್ಬ ಫೋನಿನಲ್ಲಿ ತಿಳಿಸಿದ. "ಸ್ಟೇಷನ್ನಿನಲ್ಲಿ ಕುದುರೆ ವಿಷಯ ಹೇಳು, ಚಾಟಿ ವಿಷಯ ಹೇಳು ಅಂತ ನಾನು ಬಡಕೊಂಡೆ ಮಗಳೇ. ಈ ಪುಣ್ಯಾತ್ಮ 'ಹೌದು, ಹೊಡೆದೆ, ಬೇಕಾದ್ದಕ್ಕಿಂತ ಹೆಚ್ಚು ಹೊಡೆದೆ' ಅಂತ ಹೇಳಿ ಕೂತ. ಊರಿಗೆ ಕಳಿಸ್ತಾರೋ ಅಂತ ಹೆದರಿಕೆ." ಕೆಲವು ವಾರ ಕಳೆದ ಮೇಲೆ ಸುಮಿತ್ ತಾನಾಗಿಯೇ ದೂರು ಹಿಂದೆ ತೆಗೆದ. ನೀರಿನಿಂದ ಎತ್ತಿದವನ ಮೇಲೆ ಕೇಸು ಬೇಡ ಅನ್ನಿಸಿತೋ, ಫಾಹಿಮ್ ಹೋಗಿ ಏನಾದರೂ ಮಾತಾಡಿದನೋ, ಅದು ಉಮರಬ್ಬನಿಗೂ ಗೊತ್ತಿರಲಿಲ್ಲ.

ಗಝಾಲದ ಗಾಯ ಮಾಗಿತು. ಚಳಿ ಶುರುವಾದ ಒಂದು ಬೆಳಿಗ್ಗೆ ಶಹನಾಝ್ ಮತ್ತೆ ಬಂದಳು. ಕ್ಯಾಂಪನ್ನು ವಾದಿಯಿಂದ ದೂರ, ಎತ್ತರದ ಸಮತಟ್ಟು ಜಾಗಕ್ಕೆ ಸಾಗಿಸಿದ್ದರು. ಫಾಹಿಮ್ ಕುದುರೆಯೊಂದರ ಜೀನಿನ ಪಟ್ಟಿ ಬಿಗಿಯಲು ಒದ್ದಾಡುತ್ತಿದ್ದ. ಭುಜಕ್ಕೆ ಇನ್ನೂ ಪೂರ್ತಿ ಬಲ ಬಂದಿರಲಿಲ್ಲ. ಅವಳನ್ನು ಕಂಡದ್ದೇ ಅವನ ಕೈ ಅಲ್ಲೇ ನಿಂತಿತು.

ಅವಳು ಪಕ್ಕಕ್ಕೆ ಬಂದು ಪಟ್ಟಿಯನ್ನು ತಾನೇ ತೆಗೆದುಕೊಂಡಳು.

"ನಿಮ್ಮನ್ನು ಕಂಡ್ರೆ ಆಗೋ ಹೆದರಿಕೆ ಪೂರ್ತಿ ಹೋಗಿಲ್ಲ," ಎಂದಳು.

"ಗೊತ್ತುಂಟು."

"ಸಿಟ್ಟು ಬಂದಾಗ ಎಂತ ಮಾಡ್ತೀರಿ?"

"ಈಗ ಬರ್ತದೆ ಅಂತ ಗೊತ್ತಾದ ಕೂಡ್ಲೇ ಹೊರಗೆ ಹೋಗ್ತೇನೆ. ಮೊನ್ನೆ ಕಫೀಲ್ ಹತ್ತಿರ ಜಗಳ ಆಯ್ತು. ಬೆಟ್ಟದ ತುದಿವರೆಗೆ ನಡೆದೆ. ಕಾಲು ನೋವು ಬಂತು, ಸಿಟ್ಟು ಹೋಯ್ತು."

"ಒಂದೇ ಒಂದು ಸಲ ನನ್ನ ಮೇಲೆ ಕೈ ಎತ್ತಿದರೆ ಖಲಾಸ್. ಸಾರಿ ಕೇಳ್ಲಿಕ್ಕೂ ನಾನು ನಿಲ್ಲೋದಿಲ್ಲ."

"ನಿಲ್ಲಬೇಡಿ," ಎಂದ ಅವನು. "ನಾನೇ ಹೇಳ್ತೇನೆ, ನಿಲ್ಲಬೇಡಿ."

ಪಟ್ಟಿ ಬಿಗಿಯಾಯಿತು. ಅವಳು ಕುದುರೆಯ ಹೊಟ್ಟೆಯನ್ನೇ ನೋಡುತ್ತ, ಸಣ್ಣ ಸ್ವರದಲ್ಲಿ ಅಂದಳು: "ಇಷ್ಟು ದಿವಸ ದೂರ ಇದ್ದು ನೋಡಿದೆ. ಆಗೋದಿಲ್ಲ ನನ್ನಿಂದ. ನನಗೆ ನಿಮ್ಮ ಮೇಲೆ ಪ್ರೀತಿ ಆಗಿದೆ."

ಅವನ ತುಟಿಯ ಮೂಲೆಯಲ್ಲಿ ನಗು ಹುಟ್ಟಿತು. ಎಷ್ಟು ತಡೆದರೂ ಅದು ಕಣ್ಣಿಗೆ ಹತ್ತಿತು. "ಗಾಳಿ ಜೋರುಂಟು. ಸರಿ ಕೇಳಿಸ್ಲಿಲ್ಲ."

"ಫಾಹಿಮ್!"

"ನಿಜವಾಗ್ಲೂ."

"ಪ್ರೀತಿ ಆಗಿದೆ ಅಂದೆ!" ಅವಳು ಕೂಗಿಯೇಬಿಟ್ಟಳು. ಕಟ್ಟಿದ್ದ ಕುದುರೆಗಳೆಲ್ಲ ಒಟ್ಟಿಗೆ ತಲೆ ಎತ್ತಿದವು.

"ನನಗೆ ಮೊದಲನೇ ಸಲವೇ ಕೇಳಿಸ್ತು ಮಗಳೇ," ಎಂದ ಉಮರಬ್ಬ, ಅಡುಗೆಯ ಟೆಂಟಿನಿಂದ.

ಶಹನಾಝ್ ಮುಖ ಮುಚ್ಚಿಕೊಂಡು ನಕ್ಕಳು. ಫಾಹಿಮ್ ತನ್ನ ಕೈಯನ್ನು ಅಂಗೈ ಮೇಲಾಗಿ ಜೀನಿನ ಮೇಲಿಟ್ಟ. ಹಿಡಿಯಲಿಲ್ಲ, ಕರೆಯಲಿಲ್ಲ, ಸುಮ್ಮನೆ ಕಾದ.

ನಗು ಮುಗಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವಳು ತನ್ನ ಕೈಯನ್ನು ಅದರೊಳಗೆ ಇಟ್ಟಳು.