ಉಪ್ಪಾಗೆ ಸಿಪ್ಪೆಯ ಕಳ್ಳ

ಬಾಟಲಿ ಇದ್ದಲ್ಲೇ ಇತ್ತು. ಬೀರುವಿನ ಬೀಗ ಮುರಿದಿರಲಿಲ್ಲ. ಒಳಗಿದ್ದ ಸಿಪ್ಪೆ ಮಾತ್ರ ಬೇರೆಯದಾಗಿತ್ತು.

"ಸಿಪ್ಪೆ ಕಳ್ಳತನ ಆಗಿದೆ ಅಂತ ಕಂಪ್ಲೇಂಟಾ ಮೇಡಂ?" ಸಾಗರ ಠಾಣೆಯ ಕಾನ್‌ಸ್ಟೆಬಲ್ ಬೆಳ್ಳಪ್ಪನಿಗೆ ನಗು ತಡೆಯಲಾಗಲಿಲ್ಲ.

ಪಿಎಸ್‌ಐ ಸೌಜನ್ಯ ನಗಲಿಲ್ಲ. ದೂರು ಕೊಟ್ಟವರು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವ ಶ್ರೀರಂಗ ಸರ್. ಹಿಂದೆ ಅದರಲ್ಲೇ ಫೇಲಾಗಿ ಓದು ಬಿಡಲು ಹೊರಟಿದ್ದ ಅವಳನ್ನು ರಜೆಯಿಡೀ ಮನೆಗೆ ಕರೆದು ಪಾಠ ಹೇಳಿದವರು. ಮೈಮೇಲಿನ ಖಾಕಿ ಅವರ ದಯೆ ಎಂದೇ ಅವಳು ನಂಬಿದ್ದಳು.

*

ಕಾಲೇಜಿನ ಲ್ಯಾಬಿನಲ್ಲಿ ಸರ್ ಕೈಕಟ್ಟಿ ಕೂತಿದ್ದರು. ಸಂಶೋಧನಾ ವಿದ್ಯಾರ್ಥಿನಿ ನವ್ಯಾ ವಿಷಯ ಹೇಳಿದಳು.

ಹುಲಿಕಲ್ ಕಾಡಿನ ಉಪ್ಪಾಗೆ ಹಣ್ಣಿನ ಒಣಸಿಪ್ಪೆಯಲ್ಲಿ ಸರ್ ಹಿಂದೆ ಒಂದು ಹೊಸ ರಾಸಾಯನಿಕ ಕಂಡುಹಿಡಿದಿದ್ದರು. ಆ ಪ್ರಬಂಧವನ್ನು ಜಗತ್ತಿನ ನಾನೂರು ಪ್ರಬಂಧಗಳು ಉಲ್ಲೇಖಿಸಿದ್ದವು. ಆದರೆ ಈಚೆಗೆ ಹೊರದೇಶದ ಲ್ಯಾಬುಗಳು ಅದೇ ಹಣ್ಣು ತಂದು ಹುಡುಕಿದರೂ ಆ ವಸ್ತು ಸಿಗಲಿಲ್ಲ. ಸುಳ್ಳು ಫಲಿತಾಂಶ ಎಂದು ಗುಲ್ಲೆದ್ದಿತು. ಮೂಲ ಸಿಪ್ಪೆಯನ್ನೇ ಪರೀಕ್ಷೆಗೆ ಕಳಿಸಿ, ಇಲ್ಲದಿದ್ದರೆ ಪ್ರಬಂಧ ರದ್ದು ಎಂದು ಅದನ್ನು ಪ್ರಕಟಿಸಿದ್ದ ವಿಜ್ಞಾನ ಪತ್ರಿಕೆಯವರು ಬರೆದಿದ್ದರು.

"ಹೋದ ತಿಂಗಳು ಇದೇ ಬಾಟ್ಲಿದು ಟೆಸ್ಟ್ ಮಾಡಿದ್ದೆ ಮೇಡಂ, ಆ ವಸ್ತು ಇತ್ತು. ಇವತ್ತು ಇಲ್ಲ. ಈಗ ಹೇಳಿದ್ರೆ ಯಾರು ನಂಬ್ತಾರೆ? ನೆಪ ಅಂತಾರೆ."

ಸರ್ ಮೆಲ್ಲಗೆ ಹೇಳಿದರು: "ಜೀವಮಾನದ ಕೆಲಸ ಸೌಜನ್ಯ. ಮೋಸಗಾರ ಅನ್ನಿಸ್ಕೊಂಡು ರಿಟೈರ್ ಆಗ್ಬೇಕಲ್ಲ."

ಸೌಜನ್ಯ ಬಾಟಲಿಯ ಮುಚ್ಚಳ ತೆಗೆದು ಮೂಸಿದಳು. ಬರೀ ಹುಳಿವಾಸನೆ. ಸಿಪ್ಪೆ ತಿಳಿಗೆಂಪಾಗಿ, ಒಂದೇ ಸಮನೆ ಒಣಗಿತ್ತು. ಅವಳದ್ದು ಉಪ್ಪಾಗೆ ಬೆಳೆಯುವ ಹೊಸನಗರದ ಕಡೆಯ ಮನೆ. ಇಂಥ ಚೆಂದದ ಉಪ್ಪಾಗೆಯನ್ನು ಅವಳು ಹುಟ್ಟಿದ ಮೇಲೆ ನೋಡಿರಲಿಲ್ಲ.

*

ಕಾಲೇಜಿನವರೆಲ್ಲ ಬೆರಳು ತೋರಿಸಿದ್ದು ಸಹೋದ್ಯೋಗಿ ರಾಜೇಂದ್ರನ ಕಡೆಗೆ. ಸರ್ ಹೆಸರು ಬಂದಾಗಲೆಲ್ಲ ಮೂಗು ಮುರಿಯುವ ಆಸಾಮಿ.

"ಹೊಟ್ಟೆಕಿಚ್ಚು ಇರೋದು ನಿಜ ಮೇಡಂ. ಆದ್ರೆ ಕದಿಯೋಷ್ಟು ಶ್ರದ್ಧೆ ನಂಗಿಲ್ಲ."

ಅವಳೂ ಒಪ್ಪಿದಳು. ಹಗೆಯವನಾಗಿದ್ದರೆ ಬಾಟಲಿಯನ್ನೇ ಒಡೆಯುತ್ತಿದ್ದ, ಇಲ್ಲವೇ ಕಸ ತುಂಬುತ್ತಿದ್ದ. ಇವನ್ಯಾರೋ ಅತ್ಯುತ್ತಮ ಮಾಲನ್ನೇ ಹುಡುಕಿ ತುಂಬಿದ್ದಾನೆ. ಇದು ಸರ್ ಮೇಲೆ ಪ್ರೀತಿಯಿದ್ದವರ ಕೆಲಸ.

"ಬೀರು ಕೀ ಯಾರ ಹತ್ರ ಇದೆ?" ಲ್ಯಾಬಿಗೆ ಮರಳಿ ಕೇಳಿದಳು.

"ನನ್ನ ಹತ್ರ, ನವ್ಯಾ ಹತ್ರ. ಇನ್ನೊಂದು ಶ್ರೀನಾಥನ ಹತ್ರ," ಎಂದರು ಸರ್. "ನನ್ನ ಮೊದಲ ಶಿಷ್ಯ. ಈಗ ತೀರ್ಥಹಳ್ಳಿಲಿ ಮೇಷ್ಟ್ರು. ಮೊನ್ನೆ ನನ್ನ ನೋಡಕ್ಕೆ ಬಂದಿದ್ದ ಪಾಪ."

ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಬಿಸಿಲಿಲ್ಲದ ಆ ದಿನಗಳಲ್ಲಿ ಅದು ಹೀಗೆ ತಿಳಿಗೆಂಪಾಗಿ ಒಣಗಬೇಕಾದರೆ ಕರೆಂಟಿನ ಡ್ರೈಯರ್ ಬೇಕು. ಸೌಜನ್ಯ ವಿಚಾರಿಸಿದಾಗ ತೀರ್ಥಹಳ್ಳಿ ಕಡೆಯ ಕೋಣಂದೂರಿನಲ್ಲಿ ಒಂದು ಇದೆ ಎಂದು ತಿಳಿಯಿತು. ಫೋನ್ ಹಚ್ಚಿದಳು.

"ಹೌದು ಮೇಡಂ, ಶ್ರೀನಾಥ್ ಮೇಷ್ಟ್ರು ತಗಂಡೋದ್ರಲ್ಲ! ಹುಲಿಕಲ್ ಕಡೇದೇ ಬೇಕು ಅಂತ ಹಟ ಮಾಡಿದ್ರು."

*

ಸಂಜೆ ಸೌಜನ್ಯಳ ಕರೆಗೆ ಶ್ರೀನಾಥ ಲ್ಯಾಬಿಗೆ ಬಂದ. ಬ್ಯಾಗಿನಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ. ಮೂಲ ಸಿಪ್ಪೆ! ಎಸೆಯಲು ಅವನಿಗೆ ಮನಸ್ಸು ಬಂದಿರಲಿಲ್ಲ.

"ಎಂತಕ್ಕೆ ಹಿಂಗ್ ಮಾಡಿದ್ಯೋ ಮಾರಾಯ?" ಸರ್ ಕೇಳಿದರು.

"ಅದು ಹಳತಾಗಿ ಕರೀ ಇದ್ದಿಲು ಆದಂಗಾಗಿತ್ತು ಸರ್. ಹಾಳಾಗಿದೆ, ಹೊರಗಿನವ್ರು ನೋಡಿ ನಗ್ತಾರೆ ಅಂತ... ಅದೇ ಕಾಡಿಂದು ಒಳ್ಳೇದು ಹಾಕಿಟ್ಟೆ. ನನ್ನ ಅನ್ನಕ್ಕೆ ದಾರಿ ಮಾಡಿದವರು ನೀವು. ನಿಮ್ಮ ಮಾನ ಉಳೀಲಿ ಅಂತ ಮಾಡ್ದೆ."

ನವ್ಯಾ ಪೊಟ್ಟಣ ಬಿಚ್ಚಿದಳು. ಕೋಣೆಯ ತುಂಬ ಹೊಗೆಯ ವಾಸನೆ.

"ಒಂದೇ ಕಾಡಿನ ಹಣ್ಣು," ಎಂದಳು ಸೌಜನ್ಯ. "ಒಂದ್ರಲ್ಲಿ ಆ ವಸ್ತು ಇದೆ, ಇನ್ನೊಂದ್ರಲ್ಲಿ ಇಲ್ಲ. ವ್ಯತ್ಯಾಸ ಹೊಗೆ ಒಂದೇ. ಸರ್, ಒಲೆ ಮೇಲೆ ಹೊಗೇಲಿ ಒಣಗಿಸಿದ್ದು ಅಂತ ನಿಮ್ಮ ಪ್ರಬಂಧದಲ್ಲಿ ಬರ್ದಿದೀರಾ?"

"ಉಪ್ಪಾಗೆ ಅಂದ್ಮೇಲೆ ಹೊಗೇಲೇ ಅಲ್ವಾ ಒಣಗಿಸೋದು? ಅದನ್ನೆಂತ ಬರೆಯೋ..."

ಸರ್ ಪೊಟ್ಟಣವನ್ನು ಹತ್ತಿರ ಎಳೆದುಕೊಂಡು ಮೂಸಿದರು. ನಮ್ಮ ಕಡೆ ಮಗುವಿಗೂ ಗೊತ್ತಿರುವ ಸಂಗತಿ ಹೊರದೇಶದವರಿಗೆ ಹೇಗೆ ಗೊತ್ತಾಗಬೇಕು? ಅವರೆಲ್ಲ ಯಂತ್ರದಲ್ಲಿ ಒಣಗಿಸಿ ಹುಡುಕಿದ್ದರು. ಆ ವಸ್ತು ಹುಟ್ಟುತ್ತಿದ್ದದ್ದೇ ಹೊಗೆ ತಾಗಿದ ಮೇಲೆ.

*

ಮರುವಾರ ನವ್ಯಾ ಹಸಿ ಹಣ್ಣಿನ ಸಿಪ್ಪೆಯನ್ನು ಒಲೆ ಮೇಲೆ ಒಣಗಿಸಿ ಪರೀಕ್ಷಿಸಿದಳು. ವಸ್ತು ಸಿಕ್ಕಿತು. ಮೂಲ ಸಿಪ್ಪೆಯ ಜೊತೆಗೆ ಕಳಿಸಲು ಸರ್ ಪ್ರಬಂಧದ ತಿದ್ದುಪಡಿ ಹೇಳುತ್ತಾ ಹೋದರು, ಅವಳು ಟೈಪ್ ಮಾಡಿದಳು. ದೂರು ವಾಪಸು ಪಡೆಯುವ ಅರ್ಜಿಗೆ ಆಗಲೇ ಸಹಿ ಬಿದ್ದಿತ್ತು. ಗುರುವಿನ ಋಣ ತೀರಿಸಿದೆ ಎಂದುಕೊಂಡು ಬಂದಿದ್ದ ಸೌಜನ್ಯಳಿಗೆ, ಅದು ತೀರುವಂಥದ್ದಲ್ಲ ಎಂದು ಅರ್ಥವಾದದ್ದು ಮುಂದಿನ ಮಾತಿನಿಂದ.

"ಕೊನೇಲಿ ಬರಿ ನವ್ಯಾ, ಈ ದೋಷ ಬೆಳಕಿಗೆ ಬರಲು ಕಾರಣನಾದ ನನ್ನ ಶಿಷ್ಯ ಶ್ರೀನಾಥನಿಗೆ ಕೃತಜ್ಞ."

ಬಾಗಿಲಲ್ಲಿ ನಿಂತಿದ್ದ ಶ್ರೀನಾಥ ಬೆಚ್ಚಿದ. "ಕದ್ದವನ ಹೆಸರಾ ಸರ್?"

"ನಾನೂರು ಜನ ನನ್ನ ಹೆಸರು ಹೇಳಿದ್ರು ಮಾರಾಯ. ನನ್ನ ತಪ್ಪು ತೋರಿಸ್ಕೊಟ್ಟಿದ್ದು ನೀನೊಬ್ಬನೇ."