ಸದ್ದಿಲ್ಲದ ತುತ್ತು

“ಬುರುಡೆ ಬಿಡ್ಬೇಡ ಲಾವಣ್ಯ! ಯೂಟ್ಯೂಬೆಲ್ಲಾ ಹುಡುಕ್ದೆ. ನಿಮ್ಮ ಮುತ್ತಜ್ಜಿಯ ಅಪ್ಪಂದು ಒಂದು ಸಿನಿಮಾನೂ ಇಲ್ಲ,” ಎಂದ ನಂದೀಶ, ಅವಳ ಮನೆಬಾಗಿಲಲ್ಲೇ ನಿಂತು.

ನಾಳೆ ಶಾಲೆಯ ಪ್ರೇಯರ್‌ನಲ್ಲಿ ‘ನಮ್ಮ ಮನೆಯ ಹಿರಿಯರು’ ಅಂತ ಲಾವಣ್ಯ ಮೈಕ್ ಹಿಡಿದು ಮಾತಾಡಬೇಕಿತ್ತು. ನಂದೀಶ ಕ್ಲಾಸ್ ಲೀಡರ್. ಅವನು ಮಿಸ್‌ಗೆ ಹೇಳಿದರೆ ಮುಗೀತು, ಹೆಸರು ಕಟ್! ಇಡೀ ಕ್ಲಾಸಿಗೆ ಅವಳು ಸುಳ್ಳುಬುರುಕಿ. ಲಾವಣ್ಯಳಿಗೆ ಅಳುವೇ ಬಂತು.

“ನಮ್ಮಜ್ಜಿನೇ ಕೇಳು ಬಾರೋ,” ಎಂದು ಅವನನ್ನು ಒಳಗೆ ಎಳೆದುಕೊಂಡು ಹೋದಳು.

ಮುತ್ತಜ್ಜಿ ಸೊಣ್ಣಮ್ಮನಿಗೆ ತೊಂಬತ್ತೆರಡು ವರ್ಷ. ನಡುಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

“ನಮ್ಮಪ್ಪ ಅನುಮಂತರಾಯಪ್ಪ ಮೂಕಿ ಸಿನಿಮಾದಾಗೆ ಪಾರ್ಟ್ ಮಾಡ್ತಿದ್ರು ಕಣಪ್ಪ. ಅದೂ ಎಂಗಸಿನ ಪಾರ್ಟು!”

“ಮೂಕಿ ಅಂದ್ರೆ? ಅವರಿಗೆ ಮಾತು ಬರ್ತಿರ್ಲಿಲ್ವಾ?”

ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕರು. “ಮಾತು ಬರ್ದೇ ಇದ್ದಿದ್ದು ಸಿನಿಮಾಗೆ ಕಣೋ ಕೋತಿ, ನಮ್ಮಪ್ಪಂಗಲ್ಲ! ಆಮೇಲೆ ಮಾತಾಡೋ ಸಿನಿಮಾ ಬಂತು. ಎಂಗಸ್ರ ಪಾರ್ಟಿಗೆ ಎಂಗಸ್ರೇ ಬಂದ್ರು. ಗಂಡು ದನಿ ಇರೋ ಅಪ್ಪನ್ನ ಯಾರು ಕರೀತಾರೆ? ವಾಪಸ್ ಬಂದು ರಾಗಿ ಒಲ ಉತ್ತರು. ಈಗ ಫ್ಯಾಕ್ಟ್ರಿ ಶೆಡ್‌ಗಳು ಅವೆಯಲ್ಲಾ, ಅಲ್ಲೇ. ರೀಲೆಲ್ಲ ಬೆಂಕಿ ಬಿದ್ದು ಸುಟ್ಟೋದ್ವು.”

“ಹಾಗಾದ್ರೆ ಪ್ರೂಫ್ ಇಲ್ಲ,” ಎಂದ ನಂದೀಶ.

ಅಷ್ಟರಲ್ಲಿ ಪಕ್ಕದ ಶೆಡ್ಡಿನಲ್ಲಿ ತಗಡು ಒತ್ತುವ ಪ್ರೆಸ್ ಮೆಷಿನ್ ಶುರುವಾಯಿತು. ಧಡ್! ಧಡ್! ಪೀಣ್ಯದ ಆ ಬೀದಿಯಲ್ಲಿ ಅದು ಶುರುವಾದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ. ಅಜ್ಜಿಯ ತುಟಿ ಆಡುತ್ತಿತ್ತು, ಅಷ್ಟೇ. ಹಾಳಾದ ಮೆಷಿನ್ನು, ಈಗಲೇ ಶುರುವಾಗಬೇಕಿತ್ತಾ!

ಅಜ್ಜಿ ಮಾತು ನಿಲ್ಲಿಸಿದರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಬಾಗಿದ್ದ ಬೆನ್ನು ನೆಟ್ಟಗಾಯಿತು. ಅಬ್ಬಾ! ಅಲ್ಲೀಗ ಅಜ್ಜಿ ಇರಲಿಲ್ಲ, ಯಾರೋ ಬಡ ತಾಯಿ ಕೂತಿದ್ದಳು.

ಅಲ್ಲಿ ಇಲ್ಲವೇ ಇಲ್ಲದ ಮಡಕೆಯೊಳಗೆ ಆ ತಾಯಿ ಕೈ ಹಾಕಿ ತಡಕಿದಳು. ತಳದಲ್ಲಿ ಒಂದೇ ಒಂದು ತುತ್ತು ಸಿಕ್ಕಿತು. ಅದನ್ನು ಉಂಡೆ ಮಾಡಿ, ಅವನೇ ತನ್ನ ಮಗ ಎಂಬಂತೆ ನಂದೀಶನ ಕಡೆ ಚಾಚಿದಳು. ನಂದೀಶನ ಬಾಯಿ ತಾನಾಗಿಯೇ ತೆರೆದುಕೊಂಡಿತು!

ಆಮೇಲೆ ಅವಳು ಬರಿಗೈಯನ್ನು ತನ್ನ ಬಾಯಿಗೂ ಇಟ್ಟಳು. ಬೆರಳು ನೆಕ್ಕಿದಳು. ಹೊಟ್ಟೆ ಸವರಿಕೊಂಡು ತೇಗಿದಳು. ಮಗನಿಗೆ ಬೆನ್ನು ತಿರುಗಿಸಿದ ಮೇಲೆ ಮಾತ್ರ ಅವಳ ಕಣ್ಣು ತುಂಬಿತು. ಅದು ಕಂಡಿದ್ದು ಈಚೆ ನಿಂತಿದ್ದ ಲಾವಣ್ಯಳಿಗೆ ಮಾತ್ರ.

ಮೆಷಿನ್ ನಿಂತಿತು.

“ಅಜ್ಜಿ... ಆ ಅಮ್ಮ ಊಟಾನೇ ಮಾಡ್ಲಿಲ್ಲ ಅಲ್ವಾ?” ಎಂದ ನಂದೀಶ.

“ಇಲ್ಲ ಕಣಪ್ಪ. ನಾನು ಚಿಕ್ಕೋಳಿದ್ದಾಗ ಅಪ್ಪ ತಮ್ಮ ಸಿನಿಮಾದ ಈ ಪಾರ್ಟನ್ನ ದಿನಾ ಇಂಗೇ ಮಾಡಿ ತೋರಿಸೋರು,” ಎಂದು ಅಜ್ಜಿ ಮತ್ತೆ ಅವರೆಕಾಯಿಗೆ ಕೈ ಹಾಕಿದರು.

ನಂದೀಶ ಗೇಟಿನವರೆಗೆ ಹೋಗಿ ತಿರುಗಿ ನಿಂತ. ಏನೋ ಹೇಳಲು ಬಾಯಿ ತೆಗೆದ. ಧಡ್! ಧಡ್! ಮೆಷಿನ್ ಮತ್ತೆ ಶುರು. ಅವನ ಕೈ ಕಿವಿಗೆ ಹೋಯಿತು. ಸದ್ದು ತಡೆಯಲಾಗದೆ ಮುಚ್ಚಿಕೊಂಡನೇನೋ ಎಂದುಕೊಂಡಳು ಲಾವಣ್ಯ. ಅಲ್ಲ, ಎರಡೂ ಕಿವಿಯ ತುದಿ ಹಿಡಿದುಕೊಂಡು ಅವಳನ್ನೇ ನೋಡುತ್ತಿದ್ದ.

ಲಾವಣ್ಯ ಬರಿಗೈಯಲ್ಲಿ ಒಂದು ತುತ್ತು ಮಾಡಿ ಅವನತ್ತ ಚಾಚಿದಳು. ಗೇಟಿನ ಬಳಿ ನಂದೀಶ ದೊಡ್ಡದಾಗಿ ಬಾಯಿ ತೆರೆದ.

ನಾಳೆ ತನಗೆ ಮೈಕೇ ಬೇಡ ಎಂದು ಲಾವಣ್ಯಳಿಗೆ ಆಗಲೇ ಗೊತ್ತಾಯಿತು.